ಬಿಸಿಯಾದ ಮೇಲೆ ಮಿಸ್ ಹೊಡೆಯುವ ಬೆಂಟ್ಲಿ 3 ಲೀಟರ್: ಜೋಡಿ ಮ್ಯಾಗ್ನೆಟೊಗಳ ದೋಷ ಪತ್ತೆ

ತಣ್ಣಗಿರುವ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಹದಿನೈದು ಇಪ್ಪತ್ತು ನಿಮಿಷ ಯಾವ ತಕರಾರೂ ಇಲ್ಲದೆ ಓಡುತ್ತದೆ, ಆಮೇಲೆ ಒಂದು ಏರು ಸಿಕ್ಕಿತೆಂದರೆ ಮಿಸ್ ಹೊಡೆಯತೊಡಗುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಎಂಜಿನ್ ಮುಗ್ಗರಿಸುತ್ತದೆ, ಸೈಲೆನ್ಸರಿನಲ್ಲಿ ಪಟಾಕಿ ಹೊಡೆದಂತೆ ಸದ್ದಾಗುತ್ತದೆ. ರಸ್ತೆಯ ಬದಿಗೆ ನಿಲ್ಲಿಸಿದರೆ ಅರ್ಧ ಗಂಟೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಎಂಜಿನ್ ತಣ್ಣಗಾದ ಮೇಲೆ ಏನೂ ಆಗೇ ಇಲ್ಲವೆಂಬಂತೆ ಹೊರಡುತ್ತದೆ. ಬೆಂಟ್ಲಿ 3 ಲೀಟರ್ ಕಾರಿನಲ್ಲಿ ಕಾಣಿಸಿಕೊಳ್ಳುವ ಈ ಒಂದು ದೋಷವನ್ನು ಹಿಡಿಯುವ ಕ್ರಮವನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ. ಮ್ಯಾಗ್ನೆಟೊದಿಂದ (ಬ್ಯಾಟರಿಯ ನೆರವಿಲ್ಲದೆ ಅಯಸ್ಕಾಂತದ ಬಲದಿಂದ ಪ್ಲಗ್‌ಗೆ ಕಿಡಿ ಹುಟ್ಟಿಸುವ ಸಾಧನ) ಕಿಡಿ ಪಡೆಯುವ ಅದೇ ಕಾಲದ ಬೇರೆ ಸ್ಪೋರ್ಟ್ಸ್ ಮತ್ತು ರೇಸಿಂಗ್ ಕಾರುಗಳಿಗೂ ಇದರ ಹೆಚ್ಚಿನ ಭಾಗ ಅನ್ವಯಿಸುತ್ತದೆ. ಆದರೆ ಎರಡು ಮ್ಯಾಗ್ನೆಟೊಗಳಿರುವ ಎಂಜಿನ್ನಿನಲ್ಲಿ ದೋಷವು ಮರೆಯಾಗಿ ಕೂರುವ ಒಂದು ವಿಶೇಷ ಬಗೆ ಇದೆ. ಅದನ್ನು ತಿಳಿಯದೆ ಕೈ ಹಾಕಿದವರು ವಾರಗಟ್ಟಲೆ ತಪ್ಪು ಜಾಗದಲ್ಲಿ ಹುಡುಕುವುದನ್ನು ನಾನು ನೋಡಿದ್ದೇನೆ.

ಡಬ್ಲ್ಯು.ಒ. ಬೆಂಟ್ಲಿ 1919ರಲ್ಲಿ ಕಂಪನಿ ಸ್ಥಾಪಿಸಿದರು; ಮೊದಲ ಕಾರುಗಳು ಗಿರಾಕಿಗಳ ಕೈ ಸೇರಿದ್ದು 1921ರಲ್ಲಿ. ಲಂಡನ್ನಿನ ಕ್ರಿಕಲ್‌ವುಡ್‌ನಲ್ಲಿ 1929ರವರೆಗೆ ತಯಾರಾದ ಈ ಕಾರು 1924 ಮತ್ತು 1927ರಲ್ಲಿ ಫ್ರಾನ್ಸಿನ ಲ ಮಾನ್‌ನ 24 ಗಂಟೆಗಳ ರೇಸನ್ನು ಗೆದ್ದಿತು. ಎಂಜಿನ್ನಿಗೆ ನಾಲ್ಕು ಸಿಲಿಂಡರ್, 80 ಮಿ.ಮೀ. ಬೋರ್, 149 ಮಿ.ಮೀ. ಸ್ಟ್ರೋಕ್, ಒಟ್ಟು 2,996 ಸಿ.ಸಿ. ಸಿಲಿಂಡರ್ ಬ್ಲಾಕ್ ಮತ್ತು ಹೆಡ್ ಒಂದೇ ಎರಕವಾದ್ದರಿಂದ ಇದರಲ್ಲಿ ಹೆಡ್ ಗ್ಯಾಸ್ಕೆಟ್ ಎಂಬುದೇ ಇಲ್ಲ. ಬಿಸಿಯಾದಾಗ ಮಿಸ್ ಹೊಡೆಯಲು ಬೇರೆ ಕಾರುಗಳಲ್ಲಿರುವ ಒಂದು ದೊಡ್ಡ ಕಾರಣ ಇಲ್ಲಿ ಮೊದಲೇ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ನಮಗೆ ಮುಖ್ಯವಾದದ್ದು ಮುಂದಿನ ಸಂಗತಿ. ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವ್‌ಗಳ ಜೊತೆಗೆ ಎದುರುಬದುರಾಗಿ ಎರಡು ಸ್ಪಾರ್ಕ್ ಪ್ಲಗ್‌ಗಳಿವೆ, ಒಟ್ಟು ಎಂಟು. ಎಂಜಿನ್ನಿನ ಮುಂಭಾಗದಲ್ಲಿ ಎರಡು ಮ್ಯಾಗ್ನೆಟೊಗಳಿದ್ದು, ಒಂದೊಂದೂ ಪ್ರತಿ ಸಿಲಿಂಡರಿನ ಒಂದೊಂದು ಪ್ಲಗ್‌ಗೆ ಕಿಡಿ ಕೊಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎರಡಕ್ಕೂ ಬೇರೆಬೇರೆ ಸ್ವಿಚ್‌ಗಳಿವೆ. ದಹನ ಎರಡೂ ಕಡೆಯಿಂದ ಹೊತ್ತಿಕೊಂಡು ಬೇಗ ಮುಗಿಯಲಿ, ಒಂದು ಕೈಕೊಟ್ಟರೆ ಇನ್ನೊಂದು ಕಾರನ್ನು ಮನೆ ಸೇರಿಸಲಿ ಎಂಬುದು ಇದರ ಉದ್ದೇಶ.

ತೊಡಕು ಹುಟ್ಟುವುದೂ ಇಲ್ಲಿಂದಲೇ. ಒಂದು ಮ್ಯಾಗ್ನೆಟೊ ಪೂರ್ತಿ ಸತ್ತರೂ ಎಂಜಿನ್ ಮಿಸ್ ಹೊಡೆಯುವುದಿಲ್ಲ. ಶಕ್ತಿ ಸ್ವಲ್ಪ ತಗ್ಗುತ್ತದೆ, ಏರಿನಲ್ಲಿ ಕಾರು ತುಸು ಭಾರವೆನಿಸುತ್ತದೆ, ಅಷ್ಟೇ. ದಿನವೂ ಓಡಿಸುವವರಿಗೆ ಇದು ಗೊತ್ತಾಗಬಹುದು, ತಿಂಗಳಿಗೊಮ್ಮೆ ಹೊರಗೆ ತೆಗೆಯುವವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಎರಡೂ ಸ್ವಿಚ್ ಹಾಕಿರುವಾಗಲೇ ಸ್ಪಷ್ಟವಾಗಿ ಮಿಸ್ ಹೊಡೆಯುತ್ತಿದೆಯೆಂದರೆ ಅದಕ್ಕೆ ಮೂರೇ ಅರ್ಥಗಳಿವೆ: ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ, ಅಥವಾ ವಾಲ್ವ್‌ನಂಥ ಯಾಂತ್ರಿಕ ದೋಷವಿದೆ, ಅಥವಾ ಒಂದು ಮ್ಯಾಗ್ನೆಟೊ ಬಹಳ ಹಿಂದೆಯೇ ನಿಂತುಹೋಗಿದ್ದು ಉಳಿದದ್ದು ಈಗ ನಿಲ್ಲುತ್ತಿದೆ. ಮೂರನೆಯದನ್ನು ಯಾರೂ ಊಹಿಸುವುದಿಲ್ಲ. "ಎರಡು ಮ್ಯಾಗ್ನೆಟೊ ಒಟ್ಟಿಗೆ ಕೆಡುವುದುಂಟೇ" ಎಂದು ಕೇಳಿ, ನೇರವಾಗಿ ಕಾರ್ಬುರೇಟರ್ ಬಿಚ್ಚುತ್ತಾರೆ. ಅವು ಒಟ್ಟಿಗೆ ಕೆಡುವುದಿಲ್ಲ ಎಂಬುದು ನಿಜ. ಒಂದರ ಹಿಂದೆ ಒಂದು ಕೆಡುತ್ತವೆ, ಮೊದಲನೆಯದು ಕೆಟ್ಟದ್ದನ್ನು ಎರಡನೆಯದು ಮುಚ್ಚಿಡುತ್ತದೆ.

ಇಂಗ್ಲೆಂಡಿನಲ್ಲಿ ನಾನು ಕೆಲಸ ಮಾಡುತ್ತಿದ್ದ ವರ್ಕ್‌ಶಾಪಿಗೆ ಇಂಥದ್ದೇ ಒಂದು ಕಾರು ಬಂದಿತ್ತು. ಅದಕ್ಕೆ ಮೊದಲು ನೋಡಿದ್ದ ಗ್ಯಾರೇಜಿನವರು, ಈಗಿನ ಪೆಟ್ರೋಲ್ ಬೇಗ ಆವಿಯಾಗುತ್ತದೆ ಎಂದು ತೀರ್ಮಾನಿಸಿ ಪೈಪುಗಳಿಗೆಲ್ಲ ಶಾಖ ತಡೆಯುವ ಪಟ್ಟಿ ಸುತ್ತಿ, ಎರಡು ಸಲ ಕಾರ್ಬುರೇಟರ್ ಬಿಚ್ಚಿ ಜೋಡಿಸಿದ್ದರು. ಪ್ಲಗ್‌ಗಳನ್ನು ತೆಗೆದು ಮೇಜಿನ ಮೇಲೆ ನಾಲ್ಕು ನಾಲ್ಕಾಗಿ ಎರಡು ಸಾಲು ಇಟ್ಟಾಗ ನನಗೆ ಮೊದಲ ಸುಳಿವು ಸಿಕ್ಕಿತು. ಒಂದು ಸಾಲಿನ ಪ್ಲಗ್‌ಗಳು ತಿಳಿ ಕಂದು ಬಣ್ಣಕ್ಕೆ ಬಂದಿದ್ದವು, ಸರಿಯಾಗಿ ಉರಿದ ಪ್ಲಗ್ ಇರಬೇಕಾದ ಬಣ್ಣವೇ ಅದು. ಇನ್ನೊಂದು ಸಾಲಿನ ನಾಲ್ಕೂ ಕಪ್ಪಗೆ, ಎಣ್ಣೆ ಮೆತ್ತಿಕೊಂಡು, ಹತ್ತಿರ ಹಿಡಿದರೆ ಹಸಿ ಪೆಟ್ರೋಲಿನ ವಾಸನೆ ಹೊಡೆಯುತ್ತಿದ್ದವು. ಮಿಶ್ರಣ ಹೆಚ್ಚಾಗಿ ಪ್ಲಗ್ ಕಪ್ಪಾಗಿದ್ದರೆ ಎಂಟೂ ಕಪ್ಪಾಗಬೇಕಿತ್ತು. ಒಂದೇ ಸಿಲಿಂಡರಿನೊಳಗೆ ಒಂದು ಪ್ಲಗ್ ಕಂದು, ಎದುರಿನದು ಕಪ್ಪು ಎಂದಾದರೆ ಆ ವ್ಯತ್ಯಾಸಕ್ಕೆ ಕಾರ್ಬುರೇಟರ್ ಕಾರಣವಾಗಲು ಸಾಧ್ಯವಿಲ್ಲ, ಏಕೆಂದರೆ ಎರಡಕ್ಕೂ ಸಿಗುವುದು ಒಂದೇ ಮಿಶ್ರಣ.

ಪರೀಕ್ಷೆಗೆ ಮೊದಲು

ಇವತ್ತಿನ ಕಾರಿಗೂ ಮ್ಯಾಗ್ನೆಟೊಗೂ ಇರುವ ಒಂದು ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಂಡೇ ಕೆಲಸ ಶುರು ಮಾಡಬೇಕು. ಬ್ಯಾಟರಿ ಮತ್ತು ಕಾಯಿಲ್ ಇರುವ ಕಾರಿನಲ್ಲಿ ಸ್ವಿಚ್‌ನ ವೈರ್ ಕಿತ್ತರೆ ಕಿಡಿ ನಿಲ್ಲುತ್ತದೆ. ಮ್ಯಾಗ್ನೆಟೊ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಅದರೊಳಗಿನ ದಪ್ಪ ತಂತಿಯ ಪ್ರೈಮರಿ ಸುರುಳಿಯನ್ನು ಅರ್ತ್ ಮಾಡಿದಾಗ, ಅಂದರೆ ಕಾರಿನ ಲೋಹದ ಮೈಗೆ ತಗುಲಿಸಿದಾಗ, ಮಾತ್ರ ಕಿಡಿ ನಿಲ್ಲುತ್ತದೆ. ಆದ್ದರಿಂದ ಸ್ವಿಚ್‌ನ ವೈರ್ ಕಿತ್ತುಹೋದ ಮ್ಯಾಗ್ನೆಟೊ ಸದಾ ಜೀವಂತ. ಆ ಸ್ಥಿತಿಯಲ್ಲಿ ಹ್ಯಾಂಡಲ್ ಹಾಕಿ ತಿರುಗಿಸಿದರೆ ಅಥವಾ ಗೇರಿನಲ್ಲಿಟ್ಟು ಕಾರನ್ನು ತಳ್ಳಿದರೆ ಎಂಜಿನ್ ಹೊತ್ತಿಕೊಳ್ಳಬಹುದು, ಮಣಿಕಟ್ಟು ಮುರಿಯಬಹುದು. ಚಕ್ರಗಳಿಗೆ ಅಡೆ ಕೊಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು, ಅಗ್ನಿಶಾಮಕವನ್ನು ಕೈಗೆಟಕುವಲ್ಲಿ ಇಟ್ಟುಕೊಂಡು ಮುಂದುವರಿಯಬೇಕು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸದಿಂದ ದೂರವಿರುವುದು ಒಳ್ಳೆಯದು.

ಬಿಸಿಯಲ್ಲಿ ಬರುವ ದೋಷವನ್ನು ಬಿಸಿಯಲ್ಲೇ ಹಿಡಿಯಬೇಕು. ಸಂಜೆ ಮಿಸ್ ಹೊಡೆದ ಕಾರನ್ನು ಮರುದಿನ ಬೆಳಿಗ್ಗೆ ಬಾನೆಟ್ ತೆರೆದು ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಕಿಡಿಯೂ ನೀಲಿಯಾಗಿಯೇ ಬರುತ್ತದೆ. ತಣ್ಣಗಿನ ಮ್ಯಾಗ್ನೆಟೊ ಕೊಡುವ ಸಾಕ್ಷ್ಯಕ್ಕೆ ಇಲ್ಲಿ ಬೆಲೆಯಿಲ್ಲ. ಕಾರನ್ನು ದೋಷ ಕಾಣಿಸುವ ರಸ್ತೆಗೇ ಒಯ್ದು, ದೋಷ ಬರುವವರೆಗೂ ಓಡಿಸಬೇಕು.

ಎರಡು ಸ್ವಿಚ್‌ಗಳ ಪರೀಕ್ಷೆ

ಮೊದಲು ತಣ್ಣಗಿರುವಾಗ ಎಂಜಿನ್ ಸ್ಟಾರ್ಟ್ ಮಾಡಿ, ಕಿಡಿ ಬೀಳುವ ಕ್ಷಣವನ್ನು ಹಿಂದೆಮುಂದೆ ಮಾಡುವ ಇಗ್ನಿಷನ್ ಲಿವರನ್ನು ಮುಂದಿಟ್ಟು, ಐಡಲ್‌ಗಿಂತ ಸ್ವಲ್ಪ ಹೆಚ್ಚಿನ ಒಂದೇ ವೇಗದಲ್ಲಿ ನಿಲ್ಲಿಸಿ, ಒಂದು ಸ್ವಿಚ್ ಆರಿಸಿ. ಎಂಜಿನ್ನಿನ ವೇಗ ಸ್ವಲ್ಪ ಇಳಿಯಬೇಕು, ಆದರೆ ನಾಲ್ಕು ಸಿಲಿಂಡರೂ ಸಮವಾಗಿ ಉರಿಯುತ್ತಿರಬೇಕು. ಮತ್ತೆ ಎರಡೂ ಹಾಕಿ, ಈಗ ಇನ್ನೊಂದನ್ನು ಆರಿಸಿ. ಎರಡೂ ಸಲ ವೇಗ ಒಂದೇ ಪ್ರಮಾಣದಲ್ಲಿ ಇಳಿದರೆ ತಣ್ಣಗಿನ ಸ್ಥಿತಿಯಲ್ಲಿ ಎರಡೂ ಸರಿಯಿವೆ. ಒಂದು ಸ್ವಿಚ್ ಆರಿಸಿದಾಗ ಏನೂ ವ್ಯತ್ಯಾಸವಾಗದಿದ್ದರೆ ಸಂತೋಷಪಡಬಾರದು: ನೀವು ಆರಿಸಿದ ಮ್ಯಾಗ್ನೆಟೊ ಮೊದಲೇ ಸತ್ತಿದೆ, ಅಥವಾ ಆ ಸ್ವಿಚ್ ಕೆಲಸವನ್ನೇ ಮಾಡುತ್ತಿಲ್ಲ. ಎಂಜಿನ್ ನಿಂತೇಹೋದರೆ, ಆರಿಸದೆ ಉಳಿಸಿಕೊಂಡದ್ದು ಸತ್ತಿದೆ. ನಾನು ಹೇಳಿದ ಕಾರಿನಲ್ಲಿ ಒಂದು ಸ್ವಿಚ್ ಆರಿಸಿದಾಗ ಎಂಜಿನ್ ಒಂದು ಸುತ್ತೂ ಹೆಚ್ಚು ತಿರುಗದೆ ನಿಂತಿತು. ಅದು ಎಷ್ಟು ತಿಂಗಳಿಂದ ಒಂಟಿ ಮ್ಯಾಗ್ನೆಟೊದ ಮೇಲೆ ಓಡುತ್ತಿತ್ತೋ ಮಾಲೀಕರಿಗೂ ತಿಳಿದಿರಲಿಲ್ಲ, ಏಕೆಂದರೆ ಅವರು ಯಾವಾಗಲೂ ಎರಡೂ ಸ್ವಿಚ್‌ಗಳನ್ನು ಒಟ್ಟಿಗೇ ಹಾಕಿ ಒಟ್ಟಿಗೇ ಆರಿಸುತ್ತಿದ್ದರು.

ಅದೇ ಪರೀಕ್ಷೆಯನ್ನು ದೋಷ ಕಾಣಿಸಿಕೊಂಡ ಕ್ಷಣದಲ್ಲಿ, ಏರಿನಲ್ಲಿ, ಭಾರ ಎಳೆಯುತ್ತಿರುವಾಗ ಮತ್ತೆ ಮಾಡಬೇಕು. ಭಾರ ಏಕೆ ಮುಖ್ಯವೆಂದರೆ, ಥ್ರಾಟಲ್ ಪೂರ್ತಿ ತೆರೆದಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚುತ್ತದೆ, ಒತ್ತಡ ಹೆಚ್ಚಿದಷ್ಟೂ ಪ್ಲಗ್‌ನ ಸಂದಿಯನ್ನು ದಾಟಲು ಕಿಡಿಗೆ ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಸೊರಗಿದ ಮ್ಯಾಗ್ನೆಟೊ ಸಮತಟ್ಟಾದ ರಸ್ತೆಯಲ್ಲಿ ಹೇಗೋ ನಿಭಾಯಿಸಿ ಏರಿನಲ್ಲಿ ಸೋಲುವುದು ಇದರಿಂದಲೇ.

ಪೆಟ್ರೋಲ್ ಕೊರತೆಯೂ ಏರಿನಲ್ಲೇ ಕಾಣಿಸಿಕೊಳ್ಳುವುದರಿಂದ ಎರಡನ್ನೂ ಬೇರ್ಪಡಿಸಲು ಕಿವಿ ಕೊಟ್ಟು ಕೇಳಬೇಕು. ಕಿಡಿ ತಪ್ಪಿದರೆ ಅದು ಚಾಕುವಿನಿಂದ ಕತ್ತರಿಸಿದಂತೆ ಥಟ್ಟನೆ ತಪ್ಪುತ್ತದೆ. ಉರಿಯದ ಮಿಶ್ರಣ ಬಿಸಿ ಎಕ್ಸಾಸ್ಟ್ ಪೈಪಿನಲ್ಲಿ ಹೊತ್ತಿಕೊಂಡು ಹಿಂದಿನಿಂದ ಸದ್ದು ಬರುತ್ತದೆ. ಕಾಲು ಎತ್ತಿದ ತಕ್ಷಣ ಎಂಜಿನ್ ಸುಧಾರಿಸಿಕೊಳ್ಳುತ್ತದೆ. ಪೆಟ್ರೋಲ್ ಸಾಲದಾದರೆ ಶಕ್ತಿ ನಿಧಾನವಾಗಿ ಬಸಿದುಹೋಗುತ್ತದೆ, ಸದ್ದು ಮುಂದಿನಿಂದ, ಕಾರ್ಬುರೇಟರಿನ ಬಾಯಿಯಿಂದ ಕೆಮ್ಮಿದಂತೆ ಬರುತ್ತದೆ, ಸುಧಾರಿಸಿಕೊಳ್ಳಲು ಕೆಲವು ಸೆಕೆಂಡುಗಳೇ ಬೇಕು. ಅನುಮಾನ ಉಳಿದರೆ ಮಿಸ್ ಹೊಡೆಯುತ್ತಿರುವಾಗಲೇ ಎರಡೂ ಸ್ವಿಚ್ ಆರಿಸಿ, ಕ್ಲಚ್ ಒತ್ತಿ, ಸುರಕ್ಷಿತ ಜಾಗಕ್ಕೆ ಉರುಳಿಸಿ ನಿಲ್ಲಿಸಿ ಪ್ಲಗ್ ತೆಗೆಯಿರಿ. ಒದ್ದೆಯಾಗಿದ್ದರೆ ಕಿಡಿ ಬಂದಿಲ್ಲ, ಒಣಗಿ ಬೆಳ್ಳಗಿದ್ದರೆ ಪೆಟ್ರೋಲ್ ಬಂದಿಲ್ಲ.

ಸತ್ತ ಮ್ಯಾಗ್ನೆಟೊದಲ್ಲಿ ಎಲ್ಲಿ ನೋಡಬೇಕು

ಮೊದಲು ನೋಡಬೇಕಾದದ್ದು ಮ್ಯಾಗ್ನೆಟೊವನ್ನಲ್ಲ, ಸ್ವಿಚ್‌ನಿಂದ ಬರುವ ವೈರನ್ನು. ಅದನ್ನು ಕಾಂಟ್ಯಾಕ್ಟ್ ಬ್ರೇಕರ್‌ನ (ಪಾಯಿಂಟ್‌ಗಳನ್ನು ತೆರೆದು ಪ್ರೈಮರಿಯ ವಿದ್ಯುತ್ತನ್ನು ಕಡಿಯುವ ಭಾಗ) ಮುಚ್ಚಳದಿಂದ ಕಳಚಿ, ಎಚ್ಚರಿಕೆಯಿಂದ ಎಂಜಿನ್ ತಿರುಗಿಸಿ ಕಿಡಿ ನೋಡಿ. ಕಿಡಿ ಬಂತೆಂದರೆ ಮ್ಯಾಗ್ನೆಟೊ ನಿರಪರಾಧಿ, ವೈರ್ ಎಲ್ಲೋ ಚಾಸಿಗೆ ತಗುಲಿ ಅರ್ತ್ ಆಗುತ್ತಿದೆ. ನಮ್ಮ ಕಾರಿನಲ್ಲಿ ಆದದ್ದು ಇದೇ. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಬ್ರಾಕೆಟ್ಟಿನ ಅಂಚಿಗೆ ಉಜ್ಜಿ ಉಜ್ಜಿ ಬಟ್ಟೆಯ ಹೊದಿಕೆ ಸವೆದು, ಉಗುರಿನಗಲದಷ್ಟು ತಾಮ್ರ ಹೊಳೆಯುತ್ತಿತ್ತು. ಸ್ವಿಚ್ ಯಾವ ಕಡೆಗಿದ್ದರೂ ಆ ಮ್ಯಾಗ್ನೆಟೊದ ಪಾಲಿಗೆ ಅದು ಆರಿಸಿದ ಸ್ಥಿತಿಯೇ ಆಗಿತ್ತು. ಒಂದು ಅಡಿ ವೈರ್ ಬದಲಿಸಿದ್ದಕ್ಕೆ ಮೊದಲ ಮ್ಯಾಗ್ನೆಟೊ ಎದ್ದು ಕೂತಿತು.

ವೈರ್ ಸರಿಯಿದ್ದರೆ ಕಾಂಟ್ಯಾಕ್ಟ್ ಬ್ರೇಕರ್‌ಗೆ ಬನ್ನಿ. ಪಾಯಿಂಟ್‌ಗಳು ಪೂರ್ತಿ ತೆರೆದಾಗ ಸಂದಿ ಸುಮಾರು 0.3 ಮಿ.ಮೀ., ಅಂದರೆ ಇಂಚಿನ ಸಾವಿರದ 12 ಭಾಗ ಇರಬೇಕು. ರಾಕರ್ ಬಗೆಯ ಬ್ರೇಕರ್‌ಗಳಲ್ಲಿ ತಿರುಗುವ ಕೈ ಒಂದು ಫೈಬರ್ ಬುಷ್‌ನ ಮೇಲೆ ಕೂತಿರುತ್ತದೆ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವಂತೆ ಈ ಬುಷ್ ತೇವ ಹೀರಿ ಉಬ್ಬುತ್ತದೆ, ಆಗ ಕೈ ಬಿಗಿದು ಪಾಯಿಂಟ್‌ಗಳು ತೆರೆದ ಹಾಗೇ ನಿಂತುಬಿಡುತ್ತವೆ. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಹಳೆಯ ಕಾರು ಇಟ್ಟುಕೊಂಡವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಇದು ಬಿಸಿಯಲ್ಲಿ ಬರುವ ದೋಷವಲ್ಲ, ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಬರುವಂಥದ್ದು; ಆದರೆ ಮೊದಲ ಮ್ಯಾಗ್ನೆಟೊ ಯಾರಿಗೂ ತಿಳಿಯದಂತೆ ನಿಲ್ಲಲು ಇದು ಸಾಕು. ಬುಷ್‌ನ ರಂಧ್ರವನ್ನು ರೀಮರ್‌ನಿಂದ ಕೂದಲೆಳೆಯಷ್ಟು ಸಡಿಲಿಸಿದರೆ ಸರಿಹೋಗುತ್ತದೆ.

ಕಿಡಿಯ ವಿದ್ಯುತ್ತನ್ನು ಹೊರತರುವ ಸ್ಲಿಪ್ ರಿಂಗ್ ಮತ್ತು ಕಾರ್ಬನ್ ಬ್ರಷ್, ಆರ್ಮೇಚರನ್ನು (ಸುರುಳಿ ಸುತ್ತಿದ ತಿರುಗುವ ಭಾಗ) ಅರ್ತ್ ಮಾಡುವ ಚಿಕ್ಕ ಬ್ರಷ್, ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಒಳಮೈ ಇವಿಷ್ಟನ್ನೂ ಒಣಬಟ್ಟೆಗೆ ತುಸು ಪೆಟ್ರೋಲ್ ತಾಗಿಸಿ ಒರೆಸಿ, ಆವಿ ಪೂರ್ತಿ ಹೋದ ಮೇಲೆ ಮುಚ್ಚಬೇಕು. ಕಾರ್ಬನ್ ಪುಡಿ ಕೂತ ಜಾಗದಲ್ಲಿ ವಿದ್ಯುತ್ ದಾರಿ ಮಾಡಿಕೊಂಡು ಸೋರುತ್ತದೆ. ಪ್ಲಗ್‌ನ ಸಂದಿ 0.4ರಿಂದ 0.5 ಮಿ.ಮೀ. ಮೀರಬಾರದು, ಈಗಿನ ಕಾರುಗಳ ಅಳತೆಯನ್ನು ಇಲ್ಲಿ ಇಟ್ಟರೆ ಒಳ್ಳೆಯ ಮ್ಯಾಗ್ನೆಟೊವೂ ಬಳಲುತ್ತದೆ.

ಬಿಸಿಗೆ ಸೋಲುವ ಮ್ಯಾಗ್ನೆಟೊ

ಎರಡನೆಯ ಮ್ಯಾಗ್ನೆಟೊದ ಕಥೆ ಬೇರೆ. ಆರ್ಮೇಚರಿನ ಮೇಲೆ ದಪ್ಪ ತಂತಿಯ ಪ್ರೈಮರಿ, ಅದರ ಮೇಲೆ ಕೂದಲಿನಷ್ಟು ಸಣ್ಣ ತಂತಿಯ ಸಾವಿರಾರು ಸುತ್ತಿನ ಸೆಕೆಂಡರಿ ಇರುತ್ತವೆ. ಸುತ್ತು ಸುತ್ತುಗಳ ನಡುವಿನ ಇನ್ಸುಲೇಷನ್‌ಗೆ ಆ ಕಾಲದಲ್ಲಿ ಬಳಸುತ್ತಿದ್ದದ್ದು ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಿಡಿಸುವುದೂ ಇದೇ ಅರಗೇ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೆ ಅದು ಕರಗಿ ಮೈಗೆ ಹತ್ತುತ್ತದಲ್ಲ, ಮ್ಯಾಗ್ನೆಟೊದೊಳಗೂ ಅದರ ಗುಣ ಅದೇ. ಎಂಬತ್ತು ತೊಂಬತ್ತು ವರ್ಷ ದಾಟಿದ ಅರಗು ಬಿಸಿಗೆ ಮೆತ್ತಗಾಗಿ, ತಿರುಗುವ ರಭಸಕ್ಕೆ ಹೊರಕ್ಕೆ ಒಸರುತ್ತದೆ. ನಾವು ಬಿಚ್ಚಿದ ಆರ್ಮೇಚರಿನ ಅಂಚಿನಲ್ಲಿ ಅದು ಜೋನಿಬೆಲ್ಲದ ಬಣ್ಣದಲ್ಲಿ ಸಾಲುಗಟ್ಟಿ ನಿಂತಿತ್ತು, ಬೆರಳಿಗೆ ಅಂಟುತ್ತಿತ್ತು. ಹೀಗೆ ಒಸರಿದ ಅರಗು ಆರಿದ ಮೇಲೆ ಗಟ್ಟಿಯಾಗಿ ಆರ್ಮೇಚರನ್ನು ಅಕ್ಕಪಕ್ಕದ ಕಬ್ಬಿಣಕ್ಕೆ ಅಂಟಿಸಿಬಿಡುವುದೂ ಉಂಟು. ಆಗ ಬಲವಂತದಿಂದ ತಿರುಗಿಸಿದರೆ ಡ್ರೈವ್ ಮುರಿಯುತ್ತದೆ.

ಅರಗಿನ ಜೊತೆಗೆ ಅನುಮಾನಿಸಬೇಕಾದದ್ದು ಆರ್ಮೇಚರಿನೊಳಗೇ ಹುದುಗಿರುವ ಕಂಡೆನ್ಸರ್. ಪಾಯಿಂಟ್ ತೆರೆಯುವಾಗ ವಿದ್ಯುತ್ ಥಟ್ಟನೆ ನಿಂತರೆ ಮಾತ್ರ ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ, ಹಾಗೆ ಥಟ್ಟನೆ ನಿಲ್ಲಿಸುವುದು ಕಂಡೆನ್ಸರಿನ ಕೆಲಸ. ಹಳೆಯ ಕಂಡೆನ್ಸರ್ ತಣ್ಣಗಿರುವಾಗ ಸರಿಯಾಗಿದ್ದು, ಬಿಸಿಯೇರಿದಂತೆ ಸೋರತೊಡಗುತ್ತದೆ. ಕತ್ತಲೆಯಲ್ಲಿ, ಬಿಸಿ ಎಂಜಿನ್ ಓಡುತ್ತಿರುವಾಗ ಪಾಯಿಂಟ್‌ಗಳನ್ನು ನೋಡಿ: ಅಲ್ಲಿ ದಪ್ಪಗೆ, ಬಿಡದೆ ನೀಲಿ ಕಿಡಿ ಸಿಡಿಯುತ್ತಿದ್ದರೆ ಕಂಡೆನ್ಸರ್ ಹೋಗಿದೆ. ಮೊನ್ನೆಯಷ್ಟೇ ಉಜ್ಜಿದ ಪಾಯಿಂಟ್‌ಗಳು ಮತ್ತೆ ಕಪ್ಪಾಗಿ ಕುಳಿ ಬಿದ್ದಿರುವುದೂ ಅದೇ ಗುರುತು.

ಖಚಿತ ತೀರ್ಮಾನ ಆಗಬೇಕಾದದ್ದು ಮೇಜಿನ ಮೇಲೆ. ಮ್ಯಾಗ್ನೆಟೊವನ್ನು ಎಂಜಿನ್ನಿಗೆ ಜೋಡಿಸುವ ಕಪ್ಲಿಂಗಿಗೆ ಗುರುತು ಹಾಕಿ ಮ್ಯಾಗ್ನೆಟೊ ಇಳಿಸಿ, ಗಟ್ಟಿಯಾಗಿ ಬಿಗಿದು, ಅದು ತಿರುಗಬೇಕಾದ ದಿಕ್ಕಿನಲ್ಲೇ ಡ್ರಿಲ್‌ನಿಂದ ನಿಧಾನವಾಗಿ ತಿರುಗಿಸಿ. ಪ್ಲಗ್‌ಗೆ ಹೋಗುವ ನಾಲ್ಕೂ ಲೀಡ್‌ಗಳಿಗೆ (ವೈರ್‌ಗಳಿಗೆ) ಸುಮಾರು 5 ಮಿ.ಮೀ. ಸಂದಿಯಿರುವ ಅರ್ತ್ ತುದಿಗಳನ್ನು ಕೊಟ್ಟಿರಬೇಕು. ಲೀಡ್‌ಗಳನ್ನು ಗಾಳಿಯಲ್ಲಿ ತೂಗುಬಿಟ್ಟು ತಿರುಗಿಸಿದರೆ, ಹೊರಗೆ ದಾರಿ ಕಾಣದ ವೋಲ್ಟೇಜ್ ಒಳಗಿನ ಇನ್ಸುಲೇಷನ್ನನ್ನೇ ಸೀಳಬಹುದು. ತಣ್ಣಗಿರುವಾಗ ನಾಲ್ಕೂ ಸಂದಿಗಳಲ್ಲಿ ಚಟಚಟನೆ ಕಿಡಿ ಹಾರುವುದನ್ನು ನೋಡಿಕೊಂಡು, ಹೇರ್ ಡ್ರೈಯರ್ ಅಥವಾ ದೀಪದ ಶಾಖದಿಂದ ಅರ್ಧ ಗಂಟೆ ಬಿಸಿ ಮಾಡಿ, ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಮತ್ತೆ ತಿರುಗಿಸಿ. ನಮ್ಮ ಮ್ಯಾಗ್ನೆಟೊ ತಣ್ಣಗಿದ್ದಾಗ ಒಂದೂ ತಪ್ಪದೆ ಹೊಡೆಯಿತು. ಬಿಸಿಯಾದ ಮೇಲೆ ಕಿಡಿ ಮೊದಲು ತೆಳ್ಳಗಾಗಿ ಹಳದಿಗೆ ತಿರುಗಿತು, ಆಮೇಲೆ ಹತ್ತಕ್ಕೆ ನಾಲ್ಕೈದು ತಪ್ಪಿತು, ಕೊನೆಗೆ ನಿಂತಿತು. ಫ್ಯಾನ್ ಹಾಕಿ ಆರಿಸಿದಾಗ ಮರಳಿತು. ರಸ್ತೆಯಲ್ಲಿ ಕಂಡದ್ದೆಲ್ಲ ಮೇಜಿನ ಮೇಲೆ ಅದೇ ಕ್ರಮದಲ್ಲಿ ನಡೆದ ಮೇಲೆ ಅನುಮಾನಕ್ಕೆ ಎಡೆಯಿರಲಿಲ್ಲ.

ಇಂಥ ಆರ್ಮೇಚರನ್ನು ಮರುಸುತ್ತಿಸುವುದೊಂದೇ ದಾರಿ. ಸುರುಳಿ ಮತ್ತು ಕಂಡೆನ್ಸರ್ ಎರಡನ್ನೂ ಒಟ್ಟಿಗೆ ಬದಲಿಸಬೇಕು, ಒಂದನ್ನೇ ಬದಲಿಸಿ ಹಣ ಉಳಿಸುವುದು ಬೇಡ ಎಂದು ನಾನು ಒತ್ತಿ ಹೇಳುತ್ತೇನೆ. ಒಳಗಿನ ಕಂಡೆನ್ಸರ್ ತಲುಪಲು ಮತ್ತೊಮ್ಮೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಆರ್ಮೇಚರನ್ನು ಹೊರಗೆಳೆಯುವಾಗ ಅಯಸ್ಕಾಂತದ ಎರಡು ಧ್ರುವಗಳಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಕೊಡಬೇಕು, ಇಲ್ಲವಾದರೆ ಆ ಕಾಲದ ಉಕ್ಕಿನ ಅಯಸ್ಕಾಂತದ ಬಲ ತಗ್ಗುತ್ತದೆ. ಹೇಗೂ ಬಿಚ್ಚಿದ್ದಾಗ ಅದಕ್ಕೆ ಮತ್ತೆ ಕಾಂತ ಬಲ ತುಂಬಿಸುವುದು ಒಳ್ಳೆಯದು. ಸ್ಟಾರ್ಟ್ ಮಾಡುವ ನಿಧಾನ ವೇಗದಲ್ಲಿ ಕಿಡಿ ಬಲವಾಗಿ ಬರುವುದು ಅದನ್ನೇ ಅವಲಂಬಿಸಿದೆ.

ಎರಡೂ ಮ್ಯಾಗ್ನೆಟೊ ಸರಿಯಿದ್ದರೆ

ಆಗ ಮಾತ್ರ ಪೆಟ್ರೋಲ್ ಕಡೆಗೆ ಬರಬೇಕು. ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಮೇಲಕ್ಕೆಳೆಯುವ ಆಟೋವ್ಯಾಕ್ ಈ ಕಾರುಗಳಲ್ಲಿ ಸಾಮಾನ್ಯ. ಇನ್‌ಲೆಟ್ ಮ್ಯಾನಿಫೋಲ್ಡಿನ ಎಳೆತದಿಂದ ಅದು ತುಂಬಿಕೊಂಡು, ಅಲ್ಲಿಂದ ಪೆಟ್ರೋಲ್ ತನ್ನ ಭಾರಕ್ಕೇ ಕಾರ್ಬುರೇಟರಿಗೆ ಇಳಿಯುತ್ತದೆ. ಉದ್ದದ ಏರಿನಲ್ಲಿ ಥ್ರಾಟಲ್ ಪೂರ್ತಿ ತೆರೆದೇ ಇದ್ದರೆ ಆ ಎಳೆತ ಕುಸಿದು ಆಟೋವ್ಯಾಕ್ ಬರಿದಾಗುತ್ತದೆ. ಒಂದು ಕ್ಷಣ ಕಾಲೆತ್ತಿದರೆ ಮತ್ತೆ ತುಂಬುತ್ತದೆ. ಹಾಗೆ ಮಾಡಿದಾಗ ಗಾಡಿ ಸರಿಹೋದರೆ ಅದರ ಗಾಳಿ ರಂಧ್ರ, ಫ್ಲೋಟ್, ಎಳೆತದ ಪೈಪಿನ ಜೋಡಣೆಗಳನ್ನು ನೋಡಿ. ಎಸ್‌ಯು ಎಂಬ ಬಗೆಯ ಕಾರ್ಬುರೇಟರಿನ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟರೆ ಟಕ್ ಎಂದು ಕೆಳಗೆ ಕೂರಬೇಕು. ವಾಲ್ವ್ ಸುಟ್ಟಿದ್ದರೆ ತಣ್ಣಗಿರುವಾಗಲೂ ಕಂಪ್ರೆಷನ್ ಕಡಿಮೆ ತೋರಿಸುವುದರಿಂದ ಅದು ಬೇಗ ಗೊತ್ತಾಗುತ್ತದೆ.

ಮರಳಿ ಕೂರಿಸುವಾಗ

ಎರಡು ಮ್ಯಾಗ್ನೆಟೊಗಳ ಪಾಯಿಂಟ್‌ಗಳೂ ಒಂದೇ ಕ್ಷಣದಲ್ಲಿ ತೆರೆಯಬೇಕು. ಪ್ರತಿ ಜೊತೆ ಪಾಯಿಂಟ್‌ಗಳ ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ, ಇಬ್ಬರು ಒಂದೊಂದನ್ನು ಹಗುರಾಗಿ ಎಳೆಯುತ್ತಿರುವಾಗ ಮೂರನೆಯವರು ಹ್ಯಾಂಡಲನ್ನು ಇಂಚಿಂಚಾಗಿ ತಿರುಗಿಸಿದರೆ, ಎರಡೂ ಕಾಗದಗಳು ಒಟ್ಟಿಗೆ ಕೈಗೆ ಬರಬೇಕು. ಆ ಕಾಲದ ಹಲವು ಕಾರುಗಳಲ್ಲಿರುವ ಸಿಮ್ಸ್ ಕಪ್ಲಿಂಗಿನ ರಬ್ಬರ್ ಬಿಲ್ಲೆಗೆ ಒಂದು ಮುಖದಲ್ಲಿ 19, ಇನ್ನೊಂದು ಮುಖದಲ್ಲಿ 20 ಹಲ್ಲುಗಳಿರುತ್ತವೆ. ಎರಡೂ ಕಡೆ ಒಂದೊಂದು ಹಲ್ಲು ಸರಿಸಿದರೆ ಸುಮಾರು ಒಂದು ಡಿಗ್ರಿಯಷ್ಟು ಸೂಕ್ಷ್ಮವಾಗಿ ಹೊಂದಿಸಲು ಬರುತ್ತದೆ. ಇಗ್ನಿಷನ್ ಲಿವರಿನ ಕೊಂಡಿಗಳು ಸವೆದಿದ್ದರೆ, ಲಿವರ್ ಪೂರ್ತಿ ಮುಂದಿದ್ದರೂ ಒಂದು ಮ್ಯಾಗ್ನೆಟೊ ಹಿಂದೆ ಉಳಿಯುತ್ತದೆ. ಅದನ್ನೂ ಇದೇ ಹೊತ್ತಿಗೆ ಸರಿಪಡಿಸಬೇಕು.

ಕೊನೆಗೆ ದೋಷ ಕಾಣಿಸಿದ ಅದೇ ಏರಿಗೆ ಕಾರನ್ನು ಒಯ್ದು, ಕನಿಷ್ಠ ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ, ಒಂದೊಂದೇ ಸ್ವಿಚ್‌ನ ಮೇಲೆ ಎಳೆಸಿ ನೋಡಬೇಕು. ನಮ್ಮ ಕಾರು ಎರಡೂ ಸಲ ಒಂದೇ ಪ್ರಮಾಣದಲ್ಲಿ ತಗ್ಗಿ, ಒಂದೂ ಕಿಡಿ ತಪ್ಪದೆ ಏರು ಹತ್ತಿತು. ಮಾಲೀಕರು ಈಗ ಶೆಡ್ಡಿನಿಂದ ಹೊರಡುವಾಗಲೊಮ್ಮೆ, ತಿರುಗಿ ಬಂದು ಎಂಜಿನ್ ಇನ್ನೂ ಬಿಸಿಯಾಗಿರುವಾಗಲೊಮ್ಮೆ ಸ್ವಿಚ್‌ಗಳನ್ನು ಒಂದೊಂದಾಗಿ ಆರಿಸಿ ನೋಡಿ, ವೇಗ ಎಷ್ಟು ಇಳಿಯಿತೆಂದು ಪುಸ್ತಕದಲ್ಲಿ ಬರೆದಿಡುತ್ತಾರೆ.